ಎರಡನೇ ಬಂದೂಕು

ಕೊಟ್ಟೂರಿನ ವೀರಭದ್ರಯ್ಯನ ಹತ್ತಿರ ಒಂದು ಬಂದೂಕು ಇತ್ತು. ಇಷ್ಟು ನಿಜ. ಉಳಿದದ್ದೆಲ್ಲ ಅವನು ಹೇಳಿದ್ದು.

ಬಂದೂಕು ಅಜ್ಜನ ಕಾಲದ್ದು, ಒಂಟಿ ನಳಿಗೆಯ ಕೇಪಿನ ಬಂದೂಕು. ಅದಕ್ಕೆ ತೋಟಾ ಹಾಕಲು ಬರುವುದಿಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಮತ್ತೆ ಚಿಂದಿ ತುರುಕಿ, ಗಜದಿಂದ ಜಡಿದು, ಹಿಂದುಗಡೆ ಕಿಡಿ ಹಾರಿಸುವ ಕೇಪು ಕೂರಿಸಬೇಕು. ಅಷ್ಟರಲ್ಲಿ ಹಂದಿ ಹೊಲದ ಮೆಕ್ಕೆಜೋಳ ತಿಂದು, ಕಾಲುವೆಯ ನೀರು ಕುಡಿದು, ಪಕ್ಕದ ಹೊಲದ ವಿಚಾರ ಮಾಡುತ್ತಿರುತ್ತದೆ. ಬೆಳೆ ಕಾಯಲಿಕ್ಕೆಂದು ಅಜ್ಜನಿಗೆ ಸಿಕ್ಕ ಲೈಸೆನ್ಸು ಅಪ್ಪನ ಹೆಸರಿಗಾಗಿ, ಅಪ್ಪನಿಂದ ಇವನಿಗೆ ಬಂದಿತ್ತು. ಮೂರು ತಲೆಮಾರಿನಲ್ಲಿ ಆ ಬಂದೂಕಿನಿಂದ ಸತ್ತ ಪ್ರಾಣಿ ಒಂದೂ ಇಲ್ಲ. ಮೊಟ್ಟೆಯನ್ನೂ ಮುಟ್ಟದ ಮನೆತನ. ಹಂದಿಗೆ ಗುಂಡು ಹಾರಿಸುವುದು ಕೊಲ್ಲುವುದಕ್ಕಲ್ಲ, ಬುದ್ಧಿ ಹೇಳುವುದಕ್ಕೆ ಎಂಬುದು ವೀರಭದ್ರಯ್ಯನ ಸಿದ್ಧಾಂತ. ಹಾಗಿದ್ದರೂ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಅದನ್ನು ಅಂಗಳದ ಬಿಸಿಲಿಗೆ ಒರಗಿಸಿದಾಗ, ಹಾದಿಯಲ್ಲಿ ಹೋಗುವವರು ಒಂದು ಗಳಿಗೆ ನಿಲ್ಲುತ್ತಿದ್ದರು. ಆ ಗಳಿಗೆಗಾಗಿ ಅವನು ಉಳಿದ ಮುನ್ನೂರ ಅರವತ್ತನಾಲ್ಕು ದಿನ ಬದುಕುತ್ತಿದ್ದ.

ಉಳಿದ ದಿನಗಳಲ್ಲಿ ಅವನು ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಸುಟ್ಟ ಮೋಟಾರನ್ನು ಬಿಚ್ಚಿ ಮತ್ತೆ ಸುತ್ತುವುದರಲ್ಲಿ ಅವನ ಕೈ ಒಳ್ಳೆಯದೇ. ಒಮ್ಮೆ ಮಾತ್ರ, ಹೊಲದ ನೆರೆಯವ ಮೈಲಾರಲಿಂಗಪ್ಪನ ಮೋಟಾರು ಉಲ್ಟಾ ತಿರುಗಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾಲ್ಕು ವರ್ಷವಾಯಿತು.

ಕಥೆ ಶುರುವಾದದ್ದು ಕರಿಯಕ್ಕನ ಮಿರ್ಚಿ ಅಂಗಡಿಯಲ್ಲಿ. ಹಡಗಲಿ ಕಡೆಯಿಂದ ಬಂದಿದ್ದ ಬೀಜದ ಕಂಪನಿಯವನೊಬ್ಬ ಮಂಡಕ್ಕಿ ಮೆಲ್ಲುತ್ತ ಹಂದಿಯ ಕಾಟದ ಮಾತು ತೆಗೆದ. ವೀರಭದ್ರಯ್ಯ ತನ್ನ ಬಂದೂಕಿನ ಮಾತು ತೆಗೆದ.

‘ಕೇಪಿಂದೋ, ತೋಟಾದ್ದೋ?’ ಎಂದ ಕಂಪನಿಯವನು. ‘ಕೇಪಿನ ಬಂದೂಕು ಅಂದ್ರ ಈಗ ಗ್ವಾಡಿಗೆ ನೇತು ಹಾಕಿ ಹಾರ ಹಾಕ್ತಾರ್ರಿ.’

ಒಬ್ಬ ಅಪರಿಚಿತನ ಮುಂದೆ ಅಜ್ಜನ ಬಂದೂಕಿಗೆ ಹಾರ ಬೀಳುವುದನ್ನು ಯಾವ ಮೊಮ್ಮಗ ಸಹಿಸುತ್ತಾನೆ?

‘ತೋಟಾದ್ದು,’ ಎಂದ ವೀರಭದ್ರಯ್ಯ. ‘ಜೋಡು ನಳಿಗಿ.’

ಪಕ್ಕದಲ್ಲಿ ಕೂತಿದ್ದ ಚೌಡಣ್ಣನಿಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿಕೊಂಡಿತು.

‘ತೋಟಾ ಎಲ್ಲಿ ತರ್ತೀರಿ? ಈಗ ಸಿಗಾದ ಕಷ್ಟ ಅಂತಾರ.’

‘ತರಾದ್ ಯಾಕ? ಮನ್ಯಾಗ ತುಂಬಿಕ್ಯಂತೀನಿ. ಹಿತ್ತಾಳಿ ಕೊಳವಿ, ಒತ್ತೋ ಮಿಷನ್ನು, ಎಲ್ಲಾ ಹೊರದೇಶದಿಂದ ಬರ್ತಾವ.’

ಕಂಪನಿಯವನು ಕೈ ಒರೆಸಿಕೊಂಡು ಕೂಡ್ಲಿಗಿ ಬಸ್ಸು ಹತ್ತಿದ. ಮಾತು ಮಾತ್ರ ಕೊಟ್ಟೂರಲ್ಲೇ ಇಳಿಯಿತು. ಮರುದಿನ ಚೌಡಣ್ಣ, ‘ಅಯ್ಯಾರ, ಹೊರದೇಶದ್ದು ಬಂತೇನ್ರಿ?’ ಎಂದ. ಅದರ ಮರುದಿನವೂ ಎಂದ. ಕರಿಯಕ್ಕ, ‘ಬಂದಾಗ ಒಂದು ಖಾಲಿ ಕೊಳವಿ ನನಗೂ ಕೊಡ್ರಿ, ಊದಿನಕಡ್ಡಿ ಚುಚ್ಚಾಕ ಬರ್ತೈತಿ’ ಎಂದಳು. ಒಂದು ತಿಂಗಳು ಇದೇ ನಡೆಯಿತು. ಸುಳ್ಳು ಹೇಳುವುದು ಸುಲಭ, ಅದನ್ನು ಅಲ್ಲೇ ಬಿಟ್ಟು ಏಳುವುದೂ ಸುಲಭ. ಆದರೆ ವೀರಭದ್ರಯ್ಯ ಪ್ರಾಮಾಣಿಕ. ಹೇಳಿದ ಸುಳ್ಳನ್ನು ನಿಜ ಮಾಡಿಯೇ ತೀರುವವನು.

ಒಂದು ಮಧ್ಯಾಹ್ನ ತನ್ನ ಮೋಟಾರು ಅಂಗಡಿಯ ಫ್ಯಾನಿನ ಕೆಳಗೆ ಕೂತು ಮೊಬೈಲಿನಲ್ಲಿ ಅಮೆರಿಕದ ಅಂಗಡಿಯೊಂದನ್ನು ಹುಡುಕಿದ. ತೋಟಾ ತುಂಬುವ ಸನ್ನೆಕೋಲಿನ ಮಿಷನ್ನು, ನೂರು ಖಾಲಿ ಕೊಳವೆ, ಜೊತೆಗೊಂದು ಪುಟ್ಟ ತಕ್ಕಡಿ. ಕಾನೂನಿಗೆ ಹೆದರುವ ಮನುಷ್ಯನಾದ್ದರಿಂದ ಕೆಳಗಿದ್ದ ನಿಯಮಗಳನ್ನೂ ಓದಿದ. ಮೊಬೈಲು ಅದನ್ನು ಕನ್ನಡಕ್ಕೆ ತಿರುಗಿಸಿ, ‘ಇವುಗಳನ್ನು ಕೊಳ್ಳಲು ಪರವಾನಗಿ ಅಗತ್ಯವಿಲ್ಲ. ನಿಮ್ಮ ರಾಜ್ಯದ ನಿಯಮವನ್ನು ನೀವೇ ವಿಚಾರಿಸಿಕೊಳ್ಳಿ’ ಎಂದು ತೋರಿಸಿತು. ಅವನು ವಿಚಾರಿಸಿದ. ಹರಪನಹಳ್ಳಿಯಲ್ಲಿ ಅರ್ಜಿ ಬರೆಯುವ ಪರಿಚಯದವನೊಬ್ಬನಿಗೆ ಫೋನ್ ಮಾಡಿ, ‘ಖಾಲಿ ಹಿತ್ತಾಳಿ ಕೊಳವಿ ತರಿಸಾಕ ಲೈಸೆನ್ಸ್ ಬೇಕೇನ್ರಿ’ ಎಂದು ಕೇಳಿದ. ಯಾತರ ಕೊಳವೆ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ‘ಹಿತ್ತಾಳಿಗ್ಯಾವ ಲೈಸೆನ್ಸ್ರಿ’ ಎಂಬ ಉತ್ತರ ಬಂತು. ಎರಡೂ ದೇಶಗಳ ಕಾನೂನು ಹೀಗೆ ಒಂದೇ ಮಧ್ಯಾಹ್ನದಲ್ಲಿ ಇತ್ಯರ್ಥವಾಯಿತು.

ಹೆಂಡತಿ ಅನ್ನದಾನಮ್ಮ ಮೊಬೈಲಿನ ಚಿತ್ರ ನೋಡಿ, ‘ಇದು ನಮ್ಮ ಬಂದೂಕಿಗೆ ಹೊಂದಂಗಿಲ್ಲಲ್ಲ’ ಎಂದಳು.

‘ಹೊಂದಬೇಕಂತ ಯಾರು ತರಿಸಾಕತ್ಯಾರ?’

ಅನ್ನದಾನಮ್ಮ ಮೊಬೈಲನ್ನು ಅವನ ಕೈಗೇ ಕೊಟ್ಟು ಎದ್ದು ಹೋದಳು. ಅವನು ಆರ್ಡರು ಕೊಟ್ಟ.

ಆರು ವಾರದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಪಾರ್ಸಲಿನ ಬದಲು ಪೊಲೀಸ್ ಜೀಪು ಬಂತು. ಇಳಿದವರು ಇಬ್ಬರು. ಸಬ್ ಇನ್‌ಸ್ಪೆಕ್ಟರ್ ಅರ್ಚನಾ, ಮೈಸೂರು ಕಡೆಯವರು, ಕೊಟ್ಟೂರಿಗೆ ಬಂದು ಮೂರು ತಿಂಗಳು. ಹೆಡ್ ಕಾನ್‌ಸ್ಟೇಬಲ್ ಹುಲುಗೇಶ, ಇಲ್ಲಿಯವನೇ, ಕೈಯಲ್ಲಿ ಕಸ್ಟಮ್ಸ್‌ನವರ ಪತ್ರ. ಜೀಪಿನ ಹಿಂದೆ ಇಡೀ ಓಣಿ.

ಅರ್ಚನಾ ಮೇಡಂ ಸಿಟ್ಟಿನವರಲ್ಲ. ಶಾಲೆಯಲ್ಲಿ ದಡ್ಡ ಹುಡುಗನಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ‘ನೋಡಿ, ಮದ್ದು, ಕೇಪು, ಖಾಲಿ ತೋಟಾ, ಯಾವುದೇ ಆಗಲಿ, ದೇಶದ ಗಡಿ ದಾಟಿ ಬರಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು.’

‘ಖಾಲಿ ಅದಾವು ಮೇಡಂ.’

‘ಕಾನೂನಿನ ಕಣ್ಣಿಗೆ ಖಾಲಿ ತೋಟಾನೂ ಖಾಲಿ ಅಲ್ಲ.’

‘ಲೈಸೆನ್ಸ್ ಬ್ಯಾಡ ಅಂತ ಅವ್ರಾ ಬರದಿದ್ರು.’

‘ಅದು ಅವರ ಜನಕ್ಕೆ. ಕೊಟ್ಟೂರು ಅಮೆರಿಕದಲ್ಲಿಲ್ಲ.’

ಓಣಿಯವರು ತಲೆಯಾಡಿಸಿದರು. ಇದು ಎಲ್ಲರೂ ಒಪ್ಪುವ ಮಾತಾಗಿತ್ತು.

‘ಪಾರ್ಸಲು ಕಸ್ಟಮ್ಸ್‌ನವರು ಜಪ್ತಿ ಮಾಡಿದ್ದಾರೆ. ತಿಳಿಯದೆ ತರಿಸಿದೆ ಅಂತ ಬರೆದುಕೊಟ್ಟರೆ ಅದು ಅಲ್ಲಿಗೇ ಮುಗಿಯಬಹುದು. ನನ್ನ ತಲೆನೋವು ಬೇರೆ. ಬಂದೂಕು ತನ್ನಿ.’

ಬಂದೂಕು ಬಂತು. ಮೇಡಂ ಅದನ್ನು ಹಿಂದೆ ಮುಂದೆ ತಿರುಗಿಸಿ, ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿ, ಹುಲುಗೇಶನ ಕೈಗೆ ಕೊಟ್ಟರು.

‘ಇದಕ್ಕೆ ತೋಟಾ ಹಾಕೋಕೇ ಆಗಲ್ಲ. ಹಾಗಾದ್ರೆ ನೂರು ತೋಟಾ ಯಾವ ಬಂದೂಕಿಗೆ? ಎರಡನೇದು ಎಲ್ಲಿದೆ?’

ವೀರಭದ್ರಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

‘ಲೈಸೆನ್ಸ್ ಇಲ್ಲದ ಬಂದೂಕು ಇಟ್ಟಿದ್ದರೆ ಈ ಬಂದೂಕೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ, ಜೊತೆಗೆ ನೀವೂ ಬರಬೇಕಾಗುತ್ತೆ.’

ಅವನು ಓಣಿಯವರನ್ನು ನೋಡಿದ. ಅಜ್ಜನ ಬಂದೂಕು ಹುಲುಗೇಶನ ಕಂಕುಳಲ್ಲಿ ಛತ್ರಿಯ ಹಾಗೆ ಸಿಕ್ಕಿಕೊಂಡಿರುವುದನ್ನು ನೋಡಿದ. ಆಮೇಲೆ, ನಲವತ್ತು ವರ್ಷದಲ್ಲಿ ಮೊದಲ ಸಲ, ಕೊಂಕಿಲ್ಲದ ಒಂದು ನಿಜ ಹೇಳಿದ. ‘ಎರಡ್ನೇದು ಇಲ್ಲ ಮೇಡಂ. ನಾನು ಬಡಾಯಿ ಕೊಚ್ಚಿದ್ದೆ. ಬೇಕಾದ್ರ ಓಣಿಯಾಗ ಯಾರ್ನಾರ ಕೇಳ್ರಿ, ನಾನು ಎಂಥಾ ಬಡಾಯಿ ಮನಷ್ಯ ಅಂತ ಹೇಳ್ತಾರ.’

ಇಷ್ಟು ಧೈರ್ಯವಾಗಿ ಅವನು ಯಾವ ಹಂದಿಯನ್ನೂ ಎದುರಿಸಿರಲಿಲ್ಲ. ಧೈರ್ಯಕ್ಕೆ ಕಾರಣವೂ ಇತ್ತು. ಅಷ್ಟೂ ವರ್ಷ ಅವನ ಮಾತಿಗೆ ಬೆನ್ನ ಹಿಂದೆ, ಕೆಲವೊಮ್ಮೆ ಮುಂದೆಯೇ, ನಕ್ಕ ಓಣಿ ಅದು. ಇವತ್ತು ಆ ನಗು ಅವನನ್ನು ಕಾಯಬೇಕಿತ್ತು.

ಆದರೆ ಓಣಿಗೆ ಒಂದು ಅನುಭವವಾಗಿತ್ತು. ಎರಡು ವರ್ಷದ ಹಿಂದೆ ಕರಿಯಕ್ಕನ ಅಳಿಯ ದುಬೈಗೆ ಹೊರಟಾಗ, ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬಂದಿದ್ದರು. ಹುಡುಗ ಹೇಗೆ ಎಂದು ಕೇಳಿದಾಗ ಯಾರೋ ಒಬ್ಬರು, ‘ಒಳ್ಳೇನ, ಆದ್ರ ಸ್ವಲ್ಪ ಮುಂಗೋಪ’ ಎಂದುಬಿಟ್ಟರು. ಪಾಸ್‌ಪೋರ್ಟು ಮೂರು ತಿಂಗಳು ತಡವಾಯಿತು. ಎರಡಕ್ಕೂ ಸಂಬಂಧವಿತ್ತೋ ಇಲ್ಲವೋ, ಆವತ್ತಿನಿಂದ ಓಣಿಯಲ್ಲಿ ಒಂದು ಕಟ್ಟಳೆ ಬಿತ್ತು: ಪೊಲೀಸರು ಯಾರ ಬಗ್ಗೆ ಕೇಳಿದರೂ ಹೊಗಳಬೇಕು, ಹೊಗಳುವಾಗ ಅನುಮಾನ ಇರಬಾರದು.

ಚೌಡಣ್ಣ ಮುಂದೆ ಬಂದ. ‘ಅಯ್ಯಾರು ಸುಳ್ಳು ಹೇಳಾಕತ್ಯಾರ ಮೇಡಂ.’

ವೀರಭದ್ರಯ್ಯನಿಗೆ ಉಸಿರು ಬಂತು.

‘ದೊಡ್ಡೋರು ತಮ್ಮ ಬಗ್ಗೆ ತಾವು ಹೇಳ್ಕಳಂಗಿಲ್ಲ. ಬಂದೂಕು ಹಿಡಿಯಾದ್ರಾಗ ಇವ್ರಂಗ ಸುತ್ತ ಐದು ತಾಲೂಕಿನಾಗ ಯಾರೂ ಇಲ್ಲ. ಜೋಡು ನಳಿಗಿ. ನಾನಾ ಕಣ್ಣಾರೆ ಕಂಡೀನಿ.’

‘ಲೇ ಚೌಡ, ಯಾವಾಗಲೇ ಕಂಡಿ?’

‘ಸುಮ್ನಿರ್ರಿ ಅಯ್ಯಾರ, ಗಾಬರಿ ಆಗಬ್ಯಾಡ್ರಿ. ನಾವದೀವಿ.’

‘ಹೊಲದ ಕಡಿಂದ ಧಡ್, ಧಡ್ ಅಂತ ಎರಡು ಸಲ ಕೇಳ್ತೈತ್ರಿ,’ ಎಂದಳು ಕರಿಯಕ್ಕ. ‘ಎರಡು ನಳಿಗಿ ಇಲ್ದ ಎರಡು ಸಲ ಹೆಂಗ ಬರ್ತೈತಿ, ನೀವಾ ಹೇಳ್ರಿ.’

‘ತೋಟಾನೂ ಮನ್ಯಾಗ ತುಂಬ್ತಾರ. ಅಷ್ಟು ತಿಳದ ಮನಷ್ಯ,’ ಎಂದು ಚೌಡಣ್ಣ ಸೇರಿಸಿದ.

‘ಕರಿಯಕ್ಕ, ಹೋದ ವಾರ ನೀನಾ ನನ್ನ ಸುಳ್ಳಿನ ಸರದಾರ ಅಂದಿಲ್ಲೇನು?’ ವೀರಭದ್ರಯ್ಯ ಹೆಚ್ಚುಕಡಿಮೆ ಕೈ ಮುಗಿದಿದ್ದ.

‘ಅಯ್ಯ ಶಿವನ, ನಾನ್ಯಾಕ ಅನ್ನಲಿ? ದೇವರಂಥಾ ಮನಷ್ಯಾಗ?’

ಹುಲುಗೇಶ ಬರೆದುಕೊಳ್ಳುತ್ತಿದ್ದ. ಜೋಡು ನಳಿಗೆ ಎಂದು ಬರೆದು ಅಡಿಗೆರೆ ಎಳೆದ.

ಮನೆ ಹುಡುಕಿದರು. ಜೋಳದ ಚೀಲ ಸರಿಸಿದರು, ಅಟ್ಟ ಹತ್ತಿದರು. ಹುಲುಗೇಶ ಶಾವಿಗೆಯ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿದಾಗ ಅನ್ನದಾನಮ್ಮ, ‘ಪುಡಿ ಮಾಡಬ್ಯಾಡಪ್ಪ, ಎರಡು ದಿನ ಕುಂತು ಹೊಸದೀನಿ’ ಎಂದಳು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದು ಇನ್ನಷ್ಟು ಕೆಟ್ಟದಾಯಿತು. ಏನೂ ಇಲ್ಲದವನು ಇಷ್ಟು ಚೆನ್ನಾಗಿ ಏನನ್ನು ಬಚ್ಚಿಟ್ಟಿದ್ದಾನೆ ಎಂದು ಹುಲುಗೇಶನ ಮುಖ ಕೇಳುತ್ತಿತ್ತು.

‘ಮೇಡಂ, ನಾ ಹೇಳ್ತೀನ್ರಿ,’ ಎಂದಳು ಅನ್ನದಾನಮ್ಮ. ‘ಇವ್ರು ಹೇಳಾದು ಪೂರ್ತಿ ಸುಳ್ಳು. ಇದೊಂದಾ ಅಲ್ಲ, ಎಲ್ಲಾ.’

‘ನೀವು ಮನೆಯವರಮ್ಮ. ಗಂಡನ್ನ ಉಳಿಸೋಕೆ ಹೇಳ್ತೀರಿ ಅಂತಾರೆ. ಹೊರಗಿನವರು ಯಾರಾದರೂ ಬೇಕು.’

‘ಮೂವತ್ತು ವರ್ಷ ಅಂದಕಂಡು ಬಂದೀನಿ,’ ಎಂದು ಆಕೆ ಹುಲುಗೇಶನಿಗೆ ಹೇಳಿದಳು. ‘ಒಂದಿನ ಸರ್ಕಾರದ ಮುಂದ ಅನ್ನಾಣ ಅಂದ್ರ ಅದು ನಡಿಯಂಗಿಲ್ಲಂತ.’

ಗುರುವಾರದವರೆಗೆ ಸಮಯ ಸಿಕ್ಕಿತು. ಅಷ್ಟರಲ್ಲಿ ಎರಡನೇ ಬಂದೂಕು ತಂದೊಪ್ಪಿಸಬೇಕು, ಇಲ್ಲವೇ ಅದು ಇಲ್ಲವೆನ್ನಲು ನಂಬಿಕೆಯ ಸಾಕ್ಷಿ ತರಬೇಕು. ಜೀಪು ಹೋಯಿತು, ಅದರೊಳಗೆ ಅಜ್ಜನ ಬಂದೂಕು, ಲೈಸೆನ್ಸು ಎರಡೂ ಹೋದವು.

‘ಹೆಂಗ ಹೇಳಿದ್ವಿ?’ ಎಂದು ಚೌಡಣ್ಣ ಎದೆಯುಬ್ಬಿಸಿದ.

ವೀರಭದ್ರಯ್ಯ ವಿಷಯ ಬಿಡಿಸಿ ಹೇಳಿದಾಗ ಆ ಎದೆ ನಿಧಾನವಾಗಿ ಇಳಿಯಿತು. ಓಣಿಗೆ ನಿಜವಾಗಿ ದುಃಖವಾಯಿತು. ಆದರೆ ಮಾತು ಬದಲಿಸಲು ಯಾರೂ ಸಿದ್ಧರಿರಲಿಲ್ಲ. ಪೊಲೀಸರ ಮುಂದೆ ಮೊದಲ ಸಲ ಹೇಳಿದ್ದು ಸುಳ್ಳೆಂದು ಎರಡನೇ ಸಲ ಒಪ್ಪಿಕೊಂಡರೆ ಮೂರನೇ ಸಲ ಎಲ್ಲಿ ನಿಂತು ಮಾತಾಡಬೇಕಾಗುತ್ತದೆಂಬುದು ಎಲ್ಲರಿಗೂ ತಿಳಿದಿತ್ತು. ಚೌಡಣ್ಣ ಬಹಳ ಯೋಚಿಸಿ ಇನ್ನೊಂದು ದಾರಿ ತಂದ.

‘ಅರಸೀಕೆರಿ ಕಡಿಗೆ ಒಬ್ರ ಗುರ್ತದಾರ. ಎಲ್ಲ್ಯಾರ ಒಂದು ಜೋಡು ನಳಿಗಿ ಹುಡುಕಿ ತಂದು ಕೊಟ್ಟು ಬಿಟ್ರ? ಅವ್ರು ಕೇಳಾದೂ ಅದ ಅಲ್ಲ?’

ವೀರಭದ್ರಯ್ಯ ಮನೆಯೊಳಗೆ ಹೋಗಿ ಮಲಗಿದ.

ಸಂಜೆ ಅನ್ನದಾನಮ್ಮ ಚಹಾ ತಂದು ಮುಂದಿಟ್ಟಳು. ‘ನಿಮ್ಮನ್ನ ಮನಸಾರೆ ಬೈಯಾವ್ರು ಈ ಊರಾಗ ಇನ್ನೊಬ್ರು ಅದಾರ.’

ಅವನಿಗೆ ಆ ಹೆಸರು ಆಗಲೇ ಹೊಳೆದಿತ್ತು. ಅದಕ್ಕೇ ಮಲಗಿದ್ದ.

ಮರುದಿನ ಬೆಳಿಗ್ಗೆ ಉಜ್ಜಿನಿ ರಸ್ತೆಯ ಹೊಲದಲ್ಲಿ ಮೈಲಾರಲಿಂಗಪ್ಪ ಬದುವಿನ ಮೇಲೆ ಕೂತು ಮೋಟಾರಿನ ಸ್ಟಾರ್ಟರ್ ಡಬ್ಬಿಯನ್ನು ಕೆದಕುತ್ತಿದ್ದ. ವೀರಭದ್ರಯ್ಯ ನಾಲ್ಕು ಮಾರು ದೂರದಲ್ಲಿ ನಿಂತು, ಒಂದು ಬೇವಿನ ಗಿಡಕ್ಕೆ ಹೇಳುವಂತೆ ತನ್ನ ಕಥೆಯನ್ನೆಲ್ಲ ಹೇಳಿದ. ಮೈಲಾರಲಿಂಗಪ್ಪ ತಲೆಯೆತ್ತದೆ ಕೇಳಿದ. ಮುಗಿದ ಮೇಲೆ, ಅವನೂ ಅದೇ ಬೇವಿನ ಗಿಡಕ್ಕೆ ಉತ್ತರ ಕೊಟ್ಟ.

‘ಅಂದ್ರ, ನಾನು ಠಾಣೆಗೆ ಬಂದು, ಮೇಡಂ ಮುಂದ ಕುಂತು, ನಿನ್ನ ಸುಳ್ಳುಗಾರ ಅನ್ಬೇಕು.’

‘ಹೂಂ.’

‘ನೀನಾ ಕರಿಯಾಕ ಬಂದೀ.’

‘ಹೂಂ.’

‘ಬರಕಂತಾರೇನು?’

‘ಬರಕಂತಾರ. ಸಹಿ ತಗಂತಾರ.’

ಮೈಲಾರಲಿಂಗಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ನಾಲ್ಕು ವರ್ಷ ಒಬ್ಬನೇ ಬೈದು ಬೈದು ದಣಿದ ಮುಖದ ಮೇಲೆ ಶಾಂತಿಯೊಂದು ಹರಡಿತು. ‘ಒಂದು ಮಾತು. ನಾ ಹೇಳಾವಾಗ ನಡಕ ಬಾಯಿ ಹಾಕಬಾರ್ದು.’

ಗುರುವಾರ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟವನ ಹಾಗೆ ಠಾಣೆಗೆ ಬಂದ. ಕುರ್ಚಿ ಕೊಟ್ಟರು. ವೀರಭದ್ರಯ್ಯನಿಗೆ ಗೋಡೆಯ ಪಕ್ಕದ ಬೆಂಚು. ಅಜ್ಜನ ಬಂದೂಕು ಮೇಜಿನ ಮೇಲೆ, ಒಂದು ಚೀಟಿ ಕಟ್ಟಿಸಿಕೊಂಡು ಮಲಗಿತ್ತು.

‘ನಿಮಗೂ ಇವರಿಗೂ ಏನು ಸಂಬಂಧ?’ ಎಂದು ಮೇಡಂ ಕೇಳಿದರು.

‘ವೈರಿ ಅದೀನ್ರಿ.’

‘ಇವರ ಹತ್ತಿರ ಜೋಡು ನಳಿಗೆ ಬಂದೂಕು ಇದೆಯಾ?’

‘ಇವನ ಹತ್ರ ಜೋಡಿ ಚಪ್ಪಲಿನಾ ನೆಟ್ಟಗಿಲ್ಲ ಮೇಡಂ. ಇರಾದೊಂದು ಆ ಕೇಪಿಂದು. ನಮ್ಮೆರಡೂ ಹೊಲಕ್ಕ ನಡಕ ಒಂದಾ ಬದು. ಇವ ಕೆಮ್ಮಿದ್ರ ನನಗ ಕೇಳ್ತೈತಿ. ಎರಡ್ನೇ ಬಂದೂಕು ಇದ್ದಿದ್ರ ಮೊದಲು ನಾನಾ ಬಂದು ಕಂಪ್ಲೇಂಟ್ ಕೊಡ್ತಿದ್ದೆ.’

ಸಾಕ್ಷಿ ಇಲ್ಲಿಗೇ ಸಾಕಾಗಿತ್ತು. ಮೇಡಂ ಪೆನ್ನಿಡಲು ಹೋದರು. ಆದರೆ ಮೈಲಾರಲಿಂಗಪ್ಪ ಅಷ್ಟಕ್ಕೆ ಇಸ್ತ್ರಿ ಮಾಡಿಸಿಕೊಂಡು ಬಂದಿರಲಿಲ್ಲ. ಅವನಿಗೆ ತಾರೀಖುಗಳು ನೆನಪಿದ್ದವು. ಯಾವ ವರ್ಷ ಯಾರ ಮದುವೆಯಲ್ಲಿ ವೀರಭದ್ರಯ್ಯ ಚಿರತೆ ಓಡಿಸಿದ ಕಥೆ ಹೇಳಿದ, ಆ ಚಿರತೆ ಮರುವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಹೇಗೆ ಎರಡಾಯಿತು, ತಂಬ್ರಹಳ್ಳಿಯ ಬೀಗರ ಮನೆ ತಲುಪುವಷ್ಟರಲ್ಲಿ ಅದಕ್ಕೆ ಹೇಗೆ ಕರಡಿಯೂ ಸೇರಿತು. ಮದ್ದು ಒದ್ದೆಯಾಗಿ ಗುಂಡು ಹಾರದೇ ಇದ್ದಾಗ ಬಾಯಲ್ಲೇ ‘ಢಂ’ ಎಂದು ಹಂದಿಯನ್ನು ಹೆದರಿಸಲು ನೋಡಿದ್ದು. ಹಂದಿ ತಿರುಗಿ ನೋಡಿ ಮತ್ತೆ ತಿನ್ನಲು ಶುರುಮಾಡಿದ್ದು. ಉಲ್ಟಾ ತಿರುಗಿದ ಮೋಟಾರಿಗೆ ಒಂದು ಇಡೀ ಪುಟ ಹೋಯಿತು. ಮೇಡಂ ಒಂದು ಕಡತವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಏನನ್ನೋ ಬಹಳ ಗಮನವಿಟ್ಟು ಓದುತ್ತಿದ್ದರು. ಕಡತ ಅಲುಗುತ್ತಿತ್ತು. ಹುಲುಗೇಶ ಎರಡು ಸಲ ಹಾಳೆ ಕೇಳಿ ತಂದ.

ವೀರಭದ್ರಯ್ಯ ಮಾತು ಕೊಟ್ಟಂತೆ ಬಾಯಿ ಹಾಕಲಿಲ್ಲ. ಅವನಿಗೆ ಒಂದು ವಿಚಿತ್ರ ಅನುಮಾನ ಕಾಡುತ್ತಿತ್ತು. ಇಷ್ಟು ವರ್ಷ ತನ್ನ ಕಥೆಗಳನ್ನು ಇಷ್ಟು ಶ್ರದ್ಧೆಯಿಂದ ಕೇಳಿ ನೆನಪಿಟ್ಟುಕೊಂಡವನು ಈ ಭೂಮಿಯ ಮೇಲೆ ಇವನೊಬ್ಬನೇ.

ನಾಲ್ಕು ಪುಟವಾಯಿತು. ಹುಲುಗೇಶ ಓದಿ ಹೇಳಿದ. ಮೈಲಾರಲಿಂಗಪ್ಪ ಸಹಿ ಮಾಡಬೇಕು, ಅದರ ಕೆಳಗೆ ‘ಇದೆಲ್ಲ ನಿಜವೆಂದು ಒಪ್ಪಿದ್ದೇನೆ’ ಎಂದು ವೀರಭದ್ರಯ್ಯ ಸಹಿ ಮಾಡಬೇಕು. ಬಂದೂಕು, ಲೈಸೆನ್ಸು ಎರಡೂ ಇವತ್ತೇ ಅವನ ಕೈಗೆ. ಅವನು ಪೆನ್ನು ತೆಗೆದುಕೊಂಡ. ಮೂರನೇ ಪುಟದ ಮೇಲೆ ಕಣ್ಣು ನಿಂತಿತು.

‘ಮೇಡಂ, ಇದೊಂದು ತಪ್ಪೈತ್ರಿ.’

‘ಯಾವುದು?’

‘“ಸದರಿ ವ್ಯಕ್ತಿಯು ಬಂದೂಕು ಕೈಯಲ್ಲಿದ್ದರೂ ನರಿಗೆ ಹೆದರಿ ಮರ ಹತ್ತಿದ್ದು” ಅಂತ ಐತಿ. ನರಿ ಅಲ್ಲ. ತೋಳ.’

‘ನರಿ,’ ಎಂದ ಮೈಲಾರಲಿಂಗಪ್ಪ.

‘ತೋಳ.’

‘ವೀರಭದ್ರಯ್ಯನವರೇ,’ ಎಂದರು ಮೇಡಂ, ಕಡತ ಕೆಳಗಿಟ್ಟು, ‘ಸುಮ್ಮನೆ ಸಹಿ ಮಾಡಿ ಮನೆಗೆ ಹೋಗಿ. ಒಂದು ಸಾಲು ಸುಳ್ಳು ಅಂದ್ರೆ ನಾಲ್ಕೂ ಪುಟದ ಮೇಲೆ ಅನುಮಾನ ಬರುತ್ತೆ. ಮತ್ತೆ ಎರಡನೇ ಬಂದೂಕು ಹುಡುಕಬೇಕಾಗುತ್ತೆ.’

ವೀರಭದ್ರಯ್ಯ ಮೇಜಿನ ಮೇಲಿನ ಬಂದೂಕನ್ನು ನೋಡಿದ. ಪೆನ್ನನ್ನು ಅದರ ಪಕ್ಕದಲ್ಲಿಟ್ಟ. ‘ಸುಳ್ಳುಗಾರ ಅಂತ ಬರೀರಿ ಮೇಡಂ, ಒಪ್ಪೀನಿ. ಹಂದಿ ಹೆದರಲಿಲ್ಲ ಅನ್ನಾದೂ ಒಪ್ಪೀನಿ. ಮೋಟಾರೂ ಒಪ್ಪೀನಿ. ನರಿಗೆ ಮರ ಹತ್ತಿದೆ ಅಂತ ಸಹಿ ಮಾಡಾಂಗಿಲ್ಲ.’

‘ನರಿ ಅಲ್ದ ಇನ್ನೇನಲೇ ಅದು?’

‘ಏನಂತ ನಿನಗ ನನಗಿಂತ ಚೆನ್ನಾಗಿ ಗೊತ್ತೈತಿ. ನೀ ನನ್ನ ಮ್ಯಾಲಿನ ಟೊಂಗಿಮ್ಯಾಲಿದ್ದಿ.’

ಅರ್ಚನಾ ಮೇಡಂ ಸಾಕ್ಷಿಯ ಕಡೆ ತಿರುಗಿದರು.

‘ನೀವೂ ಮರದಲ್ಲಿದ್ರಾ?’

ಮೈಲಾರಲಿಂಗಪ್ಪ ಅಂಗಿಯ ಇಸ್ತ್ರಿಯ ಗೆರೆಯನ್ನು ಬೆರಳಿನಿಂದ ಸರಿಪಡಿಸಿಕೊಂಡ. ಹುಲುಗೇಶ ಪೆನ್ನನ್ನು ಹಾಳೆಗೆ ಹತ್ತಿರ ತಂದ.

‘ಬರಿಯಪ್ಪ,’ ಎಂದ ಮೈಲಾರಲಿಂಗಪ್ಪ. ‘ತೋಳ.’

ನರಿಯ ಮೇಲೆ ಗೆರೆ ಬಿತ್ತು, ಅದರ ತಲೆಯ ಮೇಲೆ ತೋಳ ಹತ್ತಿತು. ತಿದ್ದುಪಡಿಯ ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ ಪುಟ್ಟದಾಗಿ, ಆಮೇಲೆ ಕೊನೆಯ ಪುಟದಲ್ಲಿ ಪೂರ್ತಿಯಾಗಿ ಸಹಿ ಹಾಕಿದರು. ಮೇಡಂ ಬಂದೂಕಿನ ಚೀಟಿ ಬಿಚ್ಚಿದರು.

‘ಹೆಣ್ಣು ತೋಳ ಇರಬೇಕು,’ ಎಂದ ಮೈಲಾರಲಿಂಗಪ್ಪ, ಪೆನ್ನು ಹಿಂದಕ್ಕೆ ಕೊಡುತ್ತ. ‘ಮರಿ ಇದ್ವು.’

‘ಎರಡು ಮರಿ,’ ಎಂದ ವೀರಭದ್ರಯ್ಯ.

‘ಮೂರು. ಮ್ಯಾಲಿಂದ ನನಗ ನೆಟ್ಟಗ ಕಾಣ್ತಿತ್ತು.’

ಹುಲುಗೇಶ ಪೆನ್ನಿಗೆ ಮುಚ್ಚಳ ಹಾಕಿದ.